ಬ್ರ್ಯಾಕೆಟ್ಟಿನ ಬಾಕಿ

ಮಳೆ ಹಿಂದೆ ಸರಿದು ಚಳಿ ಇನ್ನೂ ಪೂರ್ತಿ ಕಾಲಿಡದ ದಿನಗಳು. ಬದುಗಳ ಮೇಲೆ ಹುಲ್ಲು ಮೊಣಕಾಲಿಗೆ ಬಂದಿತ್ತು. ಹಸುಗಳಿಗೆ ಹೊಟ್ಟೆ ತುಂಬ ಮೇವು, ಕೆಚ್ಚಲು ತುಂಬ ಹಾಲು. ಹಾಗಾಗಿ ಬೆಳಗಿನ ಹೊತ್ತು ಹಾಲಿನ ಡೇರಿಯ ಮುಂದಿನ ಸಾಲು ರಸ್ತೆಯ ತಿರುವಿನವರೆಗೂ ಬೆಳೆದಿರುತ್ತಿತ್ತು. ಒಬ್ಬೊಬ್ಬರೇ ಪಾತ್ರೆ ತಂದು ಕಟ್ಟೆಯ ಮೇಲಿಡುವುದು, ಒಳಗೆ ಕೂತ ಗುಮಾಸ್ತೆ ಒಂದಿಷ್ಟು ಹಾಲು ತೆಗೆದು ಮೆಷಿನ್ನಿಗೆ ಹಾಕಿ ಕೊಬ್ಬಿನ ಅಂಶ ನೋಡುವುದು, ತೂಕ ಹಿಡಿಯುವುದು, ಕಂಪ್ಯೂಟರಿಗೆ ಒತ್ತಿ ಚೀಟಿ ಹರಿದು ಕೊಡುವುದು. ಕೈ ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ.

ಸಾಲಿನ ಪಕ್ಕದಲ್ಲಿ, ಬರಿಗೈಯಲ್ಲಿ, ಗಣಿತದ ಮೇಷ್ಟ್ರು ನಿಂತಿದ್ದರು. ಗುಮಾಸ್ತೆ ಅವರ ಸೊಸೆ.

"ಏನ್ ಮೇಷ್ಟ್ರೇ, ಪಾತ್ರೆ ಇಲ್ದೆ ಬಂದಿದ್ದೀರಿ? ಹಸು ಒದ್ದು ಓಡಿಸ್ತಾ?" ಅಂದ ಸಾಲಿನಲ್ಲಿದ್ದ ಒಬ್ಬ.

"ಹಸು ಅಲ್ಲಪ್ಪ, ಹೆಡ್‌ಮೇಡಂ."

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಆದರೆ ಅದು ಬರೀ ನಗೆಯ ಮಾತಾಗಿರಲಿಲ್ಲ.

ಮೇಷ್ಟ್ರ ಬಲಗೈ ನಡುಗಲು ಶುರುವಾಗಿ ವರ್ಷದ ಮೇಲಾಗಿತ್ತು. ಮೊದಮೊದಲು ಲೋಟದ ನೀರು ಅಲುಗಾಡುತ್ತಿತ್ತು, ಆಮೇಲೆ ಅಕ್ಷರ ಅಲುಗಾಡಿತು. ಬೋರ್ಡಿನ ಮೇಲೆ ಲೆಕ್ಕ ಬರೆಯಲು ಮಕ್ಕಳನ್ನೇ ಕರೆದು, ತಾವು ಪಕ್ಕದಲ್ಲಿ ನಿಂತು ಹೇಳುವುದನ್ನು ರೂಢಿ ಮಾಡಿಕೊಂಡರು; ಅದೇನೋ ಹೊಸ ಪದ್ಧತಿ ಅಂತ ಹೊಗಳಿದವರೂ ಇದ್ದರು. ಪ್ರಶ್ನೆಪತ್ರಿಕೆ ಬರೆಯುವ ಸರದಿ ಬಂದಾಗ ಗುಟ್ಟು ರಟ್ಟಾಯಿತು. ಸುತ್ತಿನ ಊರುಗಳ ಶಾಲೆಗಳೆಲ್ಲ ಸೇರಿ ಒಂದೇ ಪರೀಕ್ಷೆ ನಡೆಸುವುದು ವಾಡಿಕೆ. ಮೇಲಿನ ತರಗತಿಯ ಗಣಿತದ ಪತ್ರಿಕೆ ತೆಗೆಯುವುದು ಇವರ ಪಾಲು. ಹಿಂದಿನ ಸಲ ಇವರ ಕೈಬರಹ ಓದಲಾಗದೆ ಬೇರೆ ಶಾಲೆಗಳವರು ತಕರಾರು ತೆಗೆದಿದ್ದರು. ಹೆಡ್‌ಮೇಡಂ ಕಠಿಣ ಮನಸ್ಸಿನವರಲ್ಲ, ಆದರೆ ಮಾತು ನೇರ. "ಈ ಸಲ ಟೈಪ್ ಆಗಿ, ಒಂದೂ ತಪ್ಪಿಲ್ಲದೆ ಬರ್ಬೇಕು ಸಾರ್. ಆಗೋದಿಲ್ಲ ಅಂದ್ರೆ ಹೇಳ್ಬಿಡಿ, ಮೇಲಿನ ಕ್ಲಾಸು ಚಿಕ್ಕ ಮೇಷ್ಟ್ರಿಗೆ ಕೊಡ್ತೀನಿ. ನೀವು ರಿಟೈರ್ ಆಗೋವರೆಗೆ ಆರಾಮಾಗಿ ಲೈಬ್ರರಿ ನೋಡ್ಕೊಳ್ಳಿ" ಅಂದಿದ್ದರು. ಆರಾಮು ಅನ್ನುವ ಮಾತು ಮೇಷ್ಟ್ರ ಎದೆಗೆ ಮುಳ್ಳಿನ ಹಾಗೆ ನಾಟಿತ್ತು. ಇದು ಅವರ ಕೊನೆಯ ವರ್ಷ. ಕೊನೆಯ ವರ್ಷ ತರಗತಿ ಇಲ್ಲದೆ ಕಳೆಯುವುದೆಂದರೆ ಉಳುವವನನ್ನು ಬಿತ್ತನೆಯ ಹೊತ್ತಿಗೆ ಕಣ ಕಾಯಲು ಕೂರಿಸಿದ ಹಾಗೆ.

ಡೇರಿಗೆ ಬಂದು ಕಲಿಯಬೇಕೆಂದು ಹೊಳೆದದ್ದು ಅಲ್ಲಿನ ಗೋಡೆಯ ನೋಟಿಸು ನೋಡಿ. ಹಾಲಿನ ದರ ಹೇಗೆ ಕಟ್ಟುತ್ತಾರೆಂದು ಜನ ದಿನಾ ಜಗಳ ತೆಗೆಯುತ್ತಿದ್ದರಿಂದ ಸೊಸೆ ಆ ಸೂತ್ರವನ್ನು ತಾನೇ ಟೈಪ್ ಮಾಡಿ ಅಂಟಿಸಿದ್ದಳು. ಅದರಲ್ಲಿ ಭಿನ್ನರಾಶಿ ಭಿನ್ನರಾಶಿಯ ಹಾಗೇ ನಿಂತಿತ್ತು: ಮೇಲಿನದು ಮೇಲೆ, ಕೆಳಗಿನದು ಕೆಳಗೆ, ನಡುವೆ ಹದವಾದ ಗೆರೆ. ಓರೆ ಗೀಟು ಹಾಕಿ ಪಕ್ಕಪಕ್ಕ ಮಲಗಿಸಿರಲಿಲ್ಲ.

ಸಾಲು ಕರಗಿತು. ಸೊಸೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, "ಬನ್ನಿ ಮಾವ. ಹಾಲಿನ ವ್ಯಾನು ಬರೋವರೆಗೆ ಈ ಕುರ್ಚಿ ನಿಮ್ಮದು. ಹಾಳೆ ಕೊಡಿ, ನಾನೇ ಹೊಡೆದುಬಿಡ್ತೀನಿ" ಅಂದಳು.

ಮೇಷ್ಟ್ರು ಜೇಬಿನ ಹಾಳೆಯನ್ನು ಇನ್ನೂ ಒಳಕ್ಕೆ ತಳ್ಳಿದರು. "ನೀನು ನೋಡೋ ಹಾಗಿಲ್ಲ."

"ಯಾಕೆ?"

"ಪರೀಕ್ಷೆಗೆ ಕೂರೋಳು ನಿನ್ನ ಮಗಳು."

ಸೊಸೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು. "ಅಲ್ಲ ಮಾವ, ನಾನು ಗಣಿತ ಅಂದ್ರೆ ಗಡಗಡ ನಡುಗೋಳು. ನೋಡಿದ್ರೂ ಹೋಗಿ ಏನಂತ ಹೇಳ್ಲಿ ಅವಳಿಗೆ?"

"ನೀನು ಹೇಳಲ್ಲ, ನನಗೆ ಗೊತ್ತು. ಊರಿಗೆ ಗೊತ್ತಿರ್ಬೇಕಲ್ಲ."

ಹೀಗಾಗಿ ಆ ಪಾಠ ಜಗತ್ತಿನಲ್ಲೆಲ್ಲೂ ನಡೆಯದ ರೀತಿಯಲ್ಲಿ ನಡೆಯಿತು. ಮಾವ ಕಂಪ್ಯೂಟರಿನ ಮುಂದೆ; ಸೊಸೆ ಅವರಿಗೆ ಬೆನ್ನು ಹಾಕಿ, ಸ್ಟೂಲಿನ ಮೇಲೆ, ಹಾಲಿನ ಕ್ಯಾನುಗಳ ಕಡೆ ಮುಖ ಮಾಡಿ.

"ಇನ್ಸರ್ಟ್ ಅಂತ ಇದೆಯಾ ಮೇಲ್ಗಡೆ? ಒತ್ತಿ. ಬಲಗಡೆ ತುದೀಲಿ ಈಕ್ವೇಶನ್. ಅದನ್ನೂ ಒತ್ತಿ. ಒಂದು ಡಬ್ಬಿ ಬಂತಾ?"

"ಬಂತು."

"ಅದರೊಳಗೆ ಬರೀಬೇಕು. ಮೊದಲನೇದು ಏನಿದೆ ಹೇಳಿ."

"ಅದು ಹೇಳೋ ಹಾಗಿಲ್ಲ."

"ಅಯ್ಯೋ ರಾಮ. ಸಂಖ್ಯೆ ಬೇಡ, ಆಕಾರ ಹೇಳಿ."

ಮೇಷ್ಟ್ರು ಯೋಚಿಸಿದರು. "ಮಹಡಿ ಮನೆ. ಮೇಲೆ ಇಬ್ರು ಇದ್ದಾರೆ, ಕೆಳಗೆ ಒಬ್ರು."

"ಹಾಗನ್ನಿ ಮತ್ತೆ. ಮೇಲಿನ ಇಬ್ರನ್ನ ಬ್ರ್ಯಾಕೆಟ್ಟಲ್ಲಿ ಕೂರಿಸಿ. ಆಮೇಲೆ ಓರೆ ಗೀಟು. ಆಮೇಲೆ ಕೆಳಗಿನವರು. ಆಮೇಲೆ ಸ್ಪೇಸು."

ಬ್ರ್ಯಾಕೆಟ್ ಬರಬೇಕಾದರೆ ಒಂದು ಕೈಯಲ್ಲಿ ಶಿಫ್ಟ್ ಒತ್ತಿ ಹಿಡಿದು, ಇನ್ನೊಂದರಲ್ಲಿ ಒಂಬತ್ತನ್ನು ಒತ್ತಬೇಕು. ಮೇಷ್ಟ್ರಿಗೆ ಇಡೀ ಕೆಲಸದಲ್ಲಿ ಕಷ್ಟವಾದದ್ದು ಅದೊಂದೇ. ಬಲಗೈ ಒಂಬತ್ತರ ಮೇಲೆ ಇಳಿಯುವ ಬದಲು ಎಂಟರ ಮೇಲೆ, ಸೊನ್ನೆಯ ಮೇಲೆ, ಮಳೆಹನಿ ಬಿದ್ದ ಹಾಗೆ ಬೀಳುತ್ತಿತ್ತು. ಅಳಿಸುವುದು, ಮತ್ತೆ ಒತ್ತುವುದು. ಕಡೆಗೂ ಆಯಿತು. ಸ್ಪೇಸ್ ಒತ್ತಿದ್ದೇ ತಡ, ಸಾಲಾಗಿ ಮಲಗಿದ್ದ ಅಕ್ಷರಗಳು ತಟ್ಟನೆ ಎದ್ದು ಮೇಲೆ ಕೆಳಗೆ ನಿಂತವು. ಗೆರೆ ನೆಟ್ಟಗಿತ್ತು. ಆ ಗೆರೆಯಲ್ಲಿ ನಡುಕ ಇರಲಿಲ್ಲ. ಮೇಷ್ಟ್ರು ಅದನ್ನೇ ನೋಡುತ್ತ ಕೂತರು. ಅವರ ಕೈಯಿಂದ ಅಂಥ ಗೆರೆ ಬಂದು ಎಷ್ಟೋ ಕಾಲವಾಗಿತ್ತು.

"ಬಂತಾ ಮಾವ?"

"ಬಂತು. ಆದ್ರೆ ನಿನ್ನ ಮೆಷಿನ್ನು ನನ್ನ ಬ್ರ್ಯಾಕೆಟ್ ನುಂಗಿಬಿಡ್ತು."

"ನುಂಗೋದೇ ಅದರ ಸ್ವಭಾವ. ಯಾರ್ಯಾರು ಒಟ್ಟಿಗೆ ಅಂತ ಅದಕ್ಕೆ ಗೊತ್ತಾದ್ರೆ ಸಾಕು."

"ಇಷ್ಟು ಕಷ್ಟಪಟ್ಟು ಹಾಕಿದ್ದು ನುಂಗೋಕಾ?" ಮೇಷ್ಟ್ರಿಗೆ ನಿಜಕ್ಕೂ ಬೇಸರವಾಯಿತು. ಬ್ರ್ಯಾಕೆಟ್ ಅಂದ್ರೆ ಬೇಲಿ, ಬೇಲಿ ಇಲ್ಲದಿದ್ರೆ ನಿನ್ನ ಹಸು ಇನ್ನೊಬ್ಬನ ಹೊಲದಲ್ಲಿ: ಈ ಮಾತನ್ನು ಅವರಿಂದ ಕೇಳದೆ ಆ ಊರಲ್ಲಿ ಯಾರೂ ಶಾಲೆ ಮುಗಿಸಿರಲಿಲ್ಲ.

ಹೀಗೇ ಕೆಲವು ಬೆಳಗುಗಳು ಕಳೆದವು. ಕೊನೆಯ ದಿನ, ಕೊನೆಯ ಪ್ರಶ್ನೆ ಹೊಡೆಯುವಾಗ ವ್ಯಾನಿನ ಹಾರನ್ ಕೇಳಿಸಿತು. ಸೊಸೆ ಎದ್ದು ಕ್ಯಾನುಗಳ ಮುಚ್ಚಳ ಬಿಗಿಯತೊಡಗಿದಳು. ಅದು ಮೇಷ್ಟ್ರಿಗೆ ಬಹಳ ಇಷ್ಟದ ಲೆಕ್ಕ. ಒಂದು ಸಂಖ್ಯೆಗೆ ಐದು ಕೂಡಿಸಿ, ಬಂದದ್ದರ ವರ್ಗಮೂಲ ತೆಗೆದರೆ, ಅದೇ ಸಂಖ್ಯೆಗಿಂತ ಒಂದು ಕಡಿಮೆ ಬರುತ್ತದೆ, ಸಂಖ್ಯೆ ಯಾವುದು? ಉತ್ತರ ನಾಲ್ಕು. ಪತ್ರಿಕೆಯಲ್ಲಿ ಈ ಮಾತುಗಳಿಲ್ಲ, ಎಕ್ಸ್ ಇಟ್ಟ ಸಮೀಕರಣ ಮಾತ್ರ. ವರ್ಗಮೂಲದ ಚಿಹ್ನೆಯ ಚಾವಣಿ ಸಂಖ್ಯೆ ಮತ್ತು ಐದು ಎರಡರ ಮೇಲೂ ಚಾಚಿರಬೇಕು. ಅದಕ್ಕೆ ಬ್ರ್ಯಾಕೆಟ್ ಬೇಕು. ಕೈ ಆ ದಿನ ಸ್ವಲ್ಪವೂ ಮಾತು ಕೇಳುತ್ತಿರಲಿಲ್ಲ. ಒಂದೆರಡು ಸಲ ಒತ್ತಿದರು, ಎಂಟು ಬಿತ್ತು, ಸೊನ್ನೆ ಬಿತ್ತು. ಹೇಗಿದ್ದರೂ ನುಂಗುವುದೇ ತಾನೇ ಅಂದುಕೊಂಡು ಬ್ರ್ಯಾಕೆಟ್ ಬಿಟ್ಟು ಉಳಿದದ್ದನ್ನು ಒತ್ತಿದರು. ಚಿಹ್ನೆ ಮೂಡಿತು. ಓದಿ ನೋಡಿದರು, ಸರಿಯಾಗಿ ಕಂಡಿತು. ಎಷ್ಟೋ ವರ್ಷ ಬಾಯಿಪಾಠವಾದ ಲೆಕ್ಕ ಅದು. ಓದಿದ್ದು ಕಣ್ಣಲ್ಲ, ನೆನಪು.

ಪತ್ರಿಕೆ ಅಚ್ಚಾಗಿ ಬಂದಾಗ ಹೆಡ್‌ಮೇಡಂ ಎರಡು ಸಲ ತಿರುಗಿಸಿ ನೋಡಿ, "ಪುಸ್ತಕದ ಹಾಗಿದೆ ಸಾರ್" ಅಂದರು. ಮೇಷ್ಟ್ರು ಆ ಸಂಜೆ ಮನೆಗೆ ದೂರದ ದಾರಿ ಹಿಡಿದು ನಡೆದುಕೊಂಡು ಹೋದರು.

ಪರೀಕ್ಷೆ ಮುಗಿಯಿತು. ಮೇಷ್ಟ್ರು ಜಗಲಿಯ ಮೇಲೆ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಕೂತರು. ಕೊನೆಯ ಪ್ರಶ್ನೆಗೆ ಮೊದಲನೆಯವನು ಒಂಬತ್ತು ಅಂತ ಬರೆದಿದ್ದ. ತಪ್ಪು. ಎರಡನೆಯವಳೂ ಒಂಬತ್ತು. ಮೂರನೆಯವನದೂ. ಕೊನೆ ಬೆಂಚಿನ ತರಲೆಯೊಬ್ಬ 'ಒಂಬತ್ತು ಅಥವಾ ನಾಲ್ಕು, ಸಾರ್‌ಗೆ ಯಾವುದು ಬೇಕೋ ಅದು' ಅಂತ ಬರೆದಿದ್ದ. ಮೊಮ್ಮಗಳದೂ ಒಂಬತ್ತೇ. ತಪ್ಪು ನೂರು ದಾರಿಯಲ್ಲಿ ಬರುತ್ತದೆ. ಎಲ್ಲರೂ ಒಂದೇ ತಪ್ಪು ಮಾಡಬೇಕಾದರೆ ಒಬ್ಬರಿಂದ ಒಬ್ಬರಿಗೆ ಹೋಗಿರಬೇಕು. ಅಷ್ಟು ವರ್ಷದ ಅನುಭವ ಅವರಿಗೆ ಅದನ್ನೇ ಹೇಳಿತು. ಲೆಕ್ಕ ಬಿಡಿಸಿದ ಸಾಲುಗಳನ್ನು ಅವರು ಓದಲೇ ಇಲ್ಲ; ಕೆಂಪು ಪೆನ್ನು ಎಲ್ಲರಿಗೂ ಸೊನ್ನೆ ಸುತ್ತಿತು.

ಮಾರನೆಯ ದಿನ ತರಗತಿಯಲ್ಲಿ ಮೇಷ್ಟ್ರು ದನಿ ಎತ್ತರಿಸಲಿಲ್ಲ. ಅದೇ ಮಕ್ಕಳಿಗೆ ಹೆದರಿಕೆ.

"ನಕಲು ಹೊಡೆದಿದ್ದೀರಿ. ಕೊನೆ ಲೆಕ್ಕ ಯಾರು ಮೊದಲು ಮಾಡಿದ್ದು, ಯಾರು ಹಂಚಿದ್ದು? ಕುಂಬಳಕಾಯಿ ಕಳ್ಳ ಅಂದ್ರೆ ಯಾರು ಹೆಗಲು ಮುಟ್ಕೊಳ್ತೀರಿ, ನೋಡೋಣ."

ಯಾರೂ ಮುಟ್ಟಿಕೊಳ್ಳಲಿಲ್ಲ. ಮೊಮ್ಮಗಳು ಎದ್ದು ನಿಂತಳು. ಶಾಲೆಯಲ್ಲಿ ಅವಳು ತಾತ ಅನ್ನುವ ಹಾಗಿರಲಿಲ್ಲ. "ಸಾರ್..."

"ಕೂತ್ಕೋ. ನಿನ್ನದೂ ಒಂಬತ್ತೇ."

ಅವಳು ಕೂತಳು. ಸಂಜೆ ಮನೆಯಲ್ಲೂ ಹಾಗೇ ಕೂತಿದ್ದಳು, ಮೂಲೆಯಲ್ಲಿ, ಮುನಿಸಿಕೊಂಡು. ಸೊಸೆ ಮೇಷ್ಟ್ರ ಮುಂದೆ ಟೀ ಇಟ್ಟಳು. ಇಟ್ಟವಳು ಹೋಗಲಿಲ್ಲ.

"ಮಾವ, ಅವಳು ನಕಲು ಹೊಡೆದಿದ್ರೆ ಬೈರಿ, ನಾನು ಅಡ್ಡ ಬರಲ್ಲ. ಆದ್ರೆ ಒಂದ್ಸಲ ಮುಂದೆ ಕೂರಿಸಿ ಮಾಡಿಸಿ ನೋಡಿ. ನಿನ್ನ ಹಾಲಲ್ಲಿ ನೀರಿದೆ ಅಂತ ನಾನು ಯಾರಿಗೂ ಮುಖ ನೋಡಿ ಹೇಳಲ್ಲ. ಮೆಷಿನ್ನಿಗೆ ಹಾಕಿ ನೋಡಿ ಹೇಳ್ತೀನಿ."

ಮೇಷ್ಟ್ರು ಟೀ ಲೋಟ ಪಕ್ಕಕ್ಕೆ ಸರಿಸಿದರು. ಮಾತು ನ್ಯಾಯದ್ದಾಗಿತ್ತು. "ಬಾರಮ್ಮ ಇಲ್ಲಿ. ಆ ಕೊನೆ ಲೆಕ್ಕ ಮಾಡು" ಅಂದರು.

ಹುಡುಗಿ ಪ್ರಶ್ನೆಪತ್ರಿಕೆ ಪಕ್ಕದಲ್ಲಿಟ್ಟುಕೊಂಡು ಹಾಳೆಯ ಮೇಲೆ ಲೆಕ್ಕ ಇಳಿಸತೊಡಗಿದಳು. ವರ್ಗಮೂಲದ ಚಿಹ್ನೆ ಎಳೆದಳು. ಚಾವಣಿ ಎಕ್ಸ್ ಮೇಲೆ ಮುಗಿಯಿತು. ಐದು ಹೊರಗೆ ಉಳಿಯಿತು.

"ನಿಲ್ಲು. ಚಾವಣಿ ಯಾಕೆ ಮೊಟಕು ಮಾಡ್ದೆ? ಐದು ಮಳೇಲಿ ನೆನೀತಾ ಇದೆ."

"ಪೇಪರ್‌ನಲ್ಲೇ ಹಾಗಿದೆ ತಾತ."

"ಎಲ್ಲಿ?"

ಅವಳು ತೋರಿಸಿದಳು. ಮೇಷ್ಟ್ರು ಪತ್ರಿಕೆಯನ್ನು ಬೆಳಕಿಗೆ ಹಿಡಿದರು. ಹಾಳೆ ಕೈಯಲ್ಲಿ ಅದುರುತ್ತಿತ್ತು. ಜಗಲಿಯ ಮೇಲಿಟ್ಟು ಬಗ್ಗಿ ನೋಡಿದರು. ಪುಸ್ತಕದಲ್ಲಿದ್ದಷ್ಟು ಚೆಂದದ ಚಿಹ್ನೆ, ನೆಟ್ಟಗಿನ ಗೆರೆ, ಎಕ್ಸ್ ಮೇಲಷ್ಟೇ. ಒಂಬತ್ತರ ವರ್ಗಮೂಲ ಮೂರು. ಮೂರಕ್ಕೆ ಐದು ಕೂಡಿಸಿದರೆ ಎಂಟು. ಎಂಟು ಅಂದರೆ ಒಂಬತ್ತಕ್ಕಿಂತ ಒಂದು ಕಡಿಮೆ. ಮಕ್ಕಳು ಸರಿಯಾಗೇ ಮಾಡಿದ್ದರು. ಕೇಳಿದ್ದೇ ಬೇರೆ ಲೆಕ್ಕವಾಗಿತ್ತು. ಬೇಲಿ ಹಾಕದೆ ಬಂದದ್ದು ಇವರು, ಕಳ್ಳರು ಅನ್ನಿಸಿಕೊಂಡದ್ದು ಅವರು.

ಸೊಸೆ ಮಾವನ ಮುಖ ನೋಡಿ ಒಳಗೆ ಹೋಗಿಬಿಟ್ಟಳು. ನೋಡಬಾರದ ಹೊತ್ತಿನಲ್ಲಿ ಬೆನ್ನು ಹಾಕುವುದು ಅವಳಿಗೆ ಗೊತ್ತಿತ್ತು.

"ನಾಳೆ ಹೆಡ್‌ಮೇಡಂಗೆ ಹೇಳ್ಬೇಕು" ಅಂದರು ಮೇಷ್ಟ್ರು, ಅರ್ಧ ತಮಗೇ.

"ಹೇಳ್ಬೇಡಿ ತಾತ." ಹುಡುಗಿ ಆವರೆಗೆ ಇದ್ದ ಮುನಿಸನ್ನೆಲ್ಲ ಮರೆತಿದ್ದಳು. "ಐದು ಮಾರ್ಕ್ಸ್ ತಾನೇ, ಹೋದ್ರೆ ಹೋಗ್ಲಿ. ಹೇಳಿದ್ರೆ ನಿಮ್ಮನ್ನ ನಮ್ಮ ಕ್ಲಾಸಿಂದ ತೆಗೆದುಬಿಡ್ತಾರೆ."

"ನಿನ್ನ ಐದು ನೀನು ಬಿಡಬಹುದು ಕಣಮ್ಮ. ಉಳಿದವರದ್ದು ಬಿಡೋಕೆ ನೀನು ಯಾರು, ನಾನು ಯಾರು?"

ಹಾಗೆಂದರೂ, ಮಾರನೆಯ ಬೆಳಿಗ್ಗೆ ಹೆಡ್‌ಮೇಡಂ ಕೋಣೆಯ ಬಾಗಿಲಲ್ಲಿ ಅವರ ಕಾಲು ಸ್ವಲ್ಪ ತಡೆಯಿತು. ಚಿಕ್ಕ ಮೇಷ್ಟ್ರು ಒಳಗೇ ಕೂತು ಹಾಜರಿ ತುಂಬುತ್ತಿದ್ದರು. ಅವರು ಎದ್ದು ಹೋಗಲಿ ಅಂತ ಕಾಯಬಹುದಿತ್ತು. ಕಾಯಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಹೆಡ್‌ಮೇಡಂ ಕನ್ನಡಕ ಏರಿಸಿ ನೋಡಿದರು. "ನಿಮ್ಮನ್ನ ಬಿಟ್ಟು ಬೇರೆ ಯಾರೂ ಇದನ್ನ ನೋಡಿರ್ಲಿಲ್ವಾ ಸಾರ್?"

"ಇಲ್ಲ."

"ಟೈಪ್ ಹೇಳಿಕೊಟ್ಟವರು?"

"ಸೊಸೆ. ಅವಳು ಗೋಡೆ ಕಡೆ ಮುಖ ಮಾಡಿ ಕೂತಿದ್ಲು."

"ಗೋಡೆ ಕಡೆ?"

"ಹಾಲಿನ ಕ್ಯಾನುಗಳ ಕಡೆ. ಅವಳ ಮಗಳು ಪರೀಕ್ಷೆಗೆ ಕೂರೋಳಲ್ವಾ."

ಚಿಕ್ಕ ಮೇಷ್ಟ್ರು ಹಾಜರಿ ಪುಸ್ತಕದೊಳಗೆ ಮುಖ ಹುದುಗಿಸಿಕೊಂಡರು. ಅವರ ಭುಜ ಕುಲುಕುತ್ತಿತ್ತು. ಹೆಡ್‌ಮೇಡಂಗೂ ತುಟಿ ಬಿಗಿಹಿಡಿಯುವುದು ಕಷ್ಟವಾಯಿತು. ಆದರೂ ಮಾತು ಸಡಿಲಿಸಲಿಲ್ಲ. "ಒಂದೂ ತಪ್ಪಿಲ್ಲದೆ ಬರ್ಬೇಕು ಅಂದಿದ್ದೆ ನಾನು."

"ಹೌದು."

"ಎಲ್ಲ ಶಾಲೆಗಳಲ್ಲೂ ನಿಮ್ಮ ಉತ್ತರ ಇಟ್ಕೊಂಡೇ ತಿದ್ದಿರ್ತಾರೆ. ಮೊದಲು ಮಾರ್ಕ್ಸ್ ಸರಿ ಮಾಡಿಸಿ ಬನ್ನಿ. ಕ್ಲಾಸಿನ ಮಾತು ಆಮೇಲೆ."

ಫೋನಿನಲ್ಲಿ ಹೇಳಿದರೆ ಆಗುತ್ತಿತ್ತೇನೋ. ಮೇಷ್ಟ್ರು ಒಪ್ಪಲಿಲ್ಲ; ತಪ್ಪು ಕಾಗದದ ಮೇಲೆ ಹೋಗಿದೆ, ತಿದ್ದುವುದಕ್ಕೆ ನಾನೇ ಖುದ್ದು ಹೋಗಬೇಕು ಅಂದರು. ಹಾಲಿನ ವ್ಯಾನು ಅದೇ ಊರುಗಳನ್ನು ಸುತ್ತಿ ಬರುತ್ತಿತ್ತು. ಸೊಸೆ ಡ್ರೈವರಿಗೆ ಹೇಳಿದಳು, ಡ್ರೈವರು ಪಕ್ಕದ ಸೀಟಿನ ಮೇಲಿದ್ದ ಹಗ್ಗ ಗೋಣಿ ಎಲ್ಲ ಹಿಂದಕ್ಕೆಸೆದ. "ಮೇಷ್ಟ್ರನ್ನ ಹೊತ್ಕೊಂಡು ಹೋಗ್ತಿದ್ದೀನಿ ಅಂದ್ರೆ ಹಾಲು ಒಡೆಯೋದಿಲ್ಲ ಬಿಡಿ, ಹೆದರಿ ಗಟ್ಟಿಯಾಗಿ ಮೊಸರಾಗುತ್ತೆ" ಅಂದ. ಅವನೂ ಇವರ ಕೈಯಲ್ಲಿ ಕಲಿತವನೇ.

ಪ್ರತಿ ಊರಲ್ಲೂ ಕ್ಯಾನು ಏರಿಸುವ ಹೊತ್ತಿನಲ್ಲಿ ಮೇಷ್ಟ್ರು ಇಳಿದು ಶಾಲೆಗೆ ಹೋಗುವರು. ಬಿಸಿಲು ಹಿತವಾಗಿತ್ತು, ಗದ್ದೆಗಳಲ್ಲಿ ತೆನೆ ಬಾಗತೊಡಗಿತ್ತು. ಮೊದಲ ಶಾಲೆಯ ಮೇಷ್ಟ್ರು ಹಣೆ ಚಚ್ಚಿಕೊಂಡು, "ಅಯ್ಯೋ, ನಾನೂ ಎಲ್ಲಾರ್ನೂ ಬಿಸಿಲಲ್ಲಿ ನಿಲ್ಸಿಬಿಟ್ಟೆನಲ್ಲ, ನಕಲು ಅಂತ" ಅಂದರು. ಮೇಷ್ಟ್ರು ಅವರ ಪಕ್ಕದಲ್ಲೇ ಕೂತು, ಕಟ್ಟು ಬಿಚ್ಚಿಸಿ, ಒಂದೊಂದನ್ನೂ ತಿದ್ದಿಸಿ ಎದ್ದರು.

ಕೊನೆಯ ಊರಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಟೀಚರಮ್ಮ ಕೇಳಿಸಿಕೊಂಡು ಕಟ್ಟು ತಂದಿಟ್ಟರು. ಅಲ್ಲಿ ಎಲ್ಲರಿಗೂ ಪೂರ್ತಿ ಮಾರ್ಕ್ಸ್ ಆಗಲೇ ಬಿದ್ದಿತ್ತು.

"ತಿದ್ದೋಕೆ ಮುಂಚೆ ಒಂದ್ಸಲ ನಾನೂ ಮಾಡಿ ನೋಡ್ತೀನಿ, ಅದು ಅಭ್ಯಾಸ. ನಂಗೂ ಒಂಬತ್ತೇ ಬಂತು."

"ಹೇಳಿ ಕಳಿಸ್ಬಹುದಾಗಿತ್ತಲ್ಲಮ್ಮ."

"ಹಿರಿಯರು ನೀವು. ಹೇಗೆ ಹೇಳೋದು ಅಂತ ಸುಮ್ಮನಾದೆ." ಆಕೆಗೂ ಮುಜುಗರವಾಯಿತು. ಆಮೇಲೆ ಮಾತು ತಿರುಗಿಸಿ, "ಅದಿರ್ಲಿ ಸಾರ್, ಈ ಭಿನ್ನರಾಶಿ ಎಲ್ಲ ಇಷ್ಟು ಚೆನ್ನಾಗಿ ಯಾರ ಹತ್ರ ಹೊಡೆಸಿದ್ರಿ? ನಾನು ಟೈಪ್ ಮಾಡಿ, ಜಾಗ ಬಿಟ್ಟು, ಪೆನ್ನಲ್ಲಿ ತುಂಬಿಸ್ತೀನಿ" ಅಂದರು.

ಹೊರಗೆ ವ್ಯಾನಿನ ಹಾರನ್ ಆಯಿತು. ಈ ಸಲ ಮೇಷ್ಟ್ರು ಏಳಲಿಲ್ಲ. ಶಾಲೆಯ ಕಂಪ್ಯೂಟರಿನ ಮುಂದೆ ಆಕೆಯನ್ನು ಕೂರಿಸಿ ಡಬ್ಬಿ ತೆಗೆಸಿದರು. "ಮೇಲಿನವರನ್ನ ಬ್ರ್ಯಾಕೆಟ್ಟಲ್ಲಿ ಕೂರಿಸಿ. ಅದು ನುಂಗುತ್ತೆ. ನುಂಗುತ್ತೆ ಅಂತ ಬಿಡ್ಬೇಡಿ, ನನ್ನ ಗತಿ ಆಗುತ್ತೆ. ಯಾರ್ಯಾರು ಒಟ್ಟಿಗೆ ಅಂತ ಅದಕ್ಕೆ ನಾವೇ ಹೇಳ್ಬೇಕು." ಸ್ಪೇಸ್ ಒತ್ತಿದಾಗ ಮಹಡಿ ಎದ್ದು ನಿಂತಿತು. ಆಕೆ ಚಿಕ್ಕ ಹುಡುಗಿಯ ಹಾಗೆ ನಕ್ಕರು. ಡ್ರೈವರು ಬಾಗಿಲಲ್ಲಿ ಬಂದು ನಿಂತು, "ಹಾಲು ನಿಜವಾಗ್ಲೂ ಮೊಸರಾಗುತ್ತೆ ಮೇಷ್ಟ್ರೇ" ಅನ್ನುವವರೆಗೂ ಪಾಠ ನಡೆಯಿತು.

ಇವರು ಊರು ಸೇರುವ ಮುಂಚೆಯೇ ಟೀಚರಮ್ಮನ ಫೋನು ಹೆಡ್‌ಮೇಡಂಗೆ ತಲುಪಿತ್ತು. ಮುಂದಿನ ಶನಿವಾರ ನಮ್ಮ ಕಡೆಯವರನ್ನೆಲ್ಲ ಕಳಿಸ್ತೀವಿ, ಸಾರ್ ಹೇಳಿಕೊಡ್ತಾರಾ ಅಂತ.

"ನಾನು ನಿಮ್ಮನ್ನ ಲೈಬ್ರರಿಗೆ ಕಳಿಸ್ಬೇಕು ಅಂತಿದ್ರೆ ಊರೆಲ್ಲ ನಿಮ್ಮ ಹತ್ರ ಕಲಿಯೋಕೆ ಬರ್ತಿದೆ" ಅಂದರು ಹೆಡ್‌ಮೇಡಂ. "ಕ್ಲಾಸು ನಿಮ್ಮ ಹತ್ರಾನೇ ಇರ್ಲಿ. ಆದ್ರೆ ಒಂದು ಕರಾರು. ಇನ್ಮೇಲೆ ಪೇಪರ್ ತೆಗೆದವರು ಒಬ್ರು, ಲೆಕ್ಕ ಮಾಡಿ ನೋಡೋರು ಇನ್ನೊಬ್ರು. ಚಿಕ್ಕ ಮೇಷ್ಟ್ರು ನೋಡ್ತಾರೆ. ಗೋಡೆ ಕಡೆ ತಿರುಗಿ ಅಲ್ಲ, ನೇರವಾಗಿ."

"ನೋಡ್ಲಿ" ಅಂದರು ಮೇಷ್ಟ್ರು. ಆ ಕರಾರು ಅವರಿಗೆ ಭಾರ ಅನ್ನಿಸಲಿಲ್ಲ. ಹೊರೆಯ ಇನ್ನೊಂದು ತುದಿಗೆ ಯಾರೋ ಕೈ ಕೊಟ್ಟ ಹಾಗಾಯಿತು.

ಮಾರನೆಯ ದಿನ ತರಗತಿಗೆ ಹೋಗಿ ತಿದ್ದಿದ ಪತ್ರಿಕೆಗಳನ್ನು ಹಂಚಿದರು. ಸೊನ್ನೆಯ ಪಕ್ಕದಲ್ಲಿ ಐದು, ಅದರ ಕೆಳಗೆ ಅಲುಗಾಡಿದ ಸಹಿ. ತಪ್ಪು ನನ್ನದು, ಬ್ರ್ಯಾಕೆಟ್ ಹಾಕದೆ ಬಿಟ್ಟೆ ಅಂತ ಹೇಳಿದರು. ಮಕ್ಕಳು ಮುಖ ಮುಖ ನೋಡಿಕೊಂಡರು. ಬ್ರ್ಯಾಕೆಟ್ ಬಿಟ್ಟದ್ದಕ್ಕೆ ಇವರ ಕೈಯಲ್ಲಿ ಮಾರ್ಕ್ಸ್ ಕಳೆದುಕೊಳ್ಳದವರು ಅಲ್ಲಿ ಒಬ್ಬರೂ ಇರಲಿಲ್ಲ.

"ಮಾರ್ಕ್ಸ್ ತೀರಿಸಿದ್ದೀನಿ" ಅಂದರು ಮೇಷ್ಟ್ರು. "ಆದ್ರೆ ನಕಲು ಹೊಡೆದಿದ್ದೀರಿ ಅಂದೆನಲ್ಲ, ಆ ಮಾತಿಗೆ ಏನು ಕೊಡ್ಲಿ ಗೊತ್ತಾಗ್ತಿಲ್ಲ. ಅದನ್ನ ಕೆಂಪು ಪೆನ್ನಲ್ಲಿ ತಿದ್ದೋಕೆ ಬರಲ್ಲ."

ಕೊನೆ ಬೆಂಚಿನ ಅದೇ ತರಲೆಯಿಂದ, ಬಹಳ ಉದಾರವಾದ ದನಿಯಲ್ಲಿ, ಮಾತು ಬಂತು.

"ಬಾಕಿ ಇರ್ಲಿ ಸಾರ್. ಮುಂದೆ ಯಾವತ್ತಾದ್ರೂ ನಿಜವಾಗ್ಲೂ ನಕಲು ಹೊಡೆದು ಸಿಕ್ಕಿಬಿದ್ದಾಗ ವಜಾ ಮಾಡ್ಕೊಳ್ಳಿ."

ನಗೆ ಮುಂದಿನ ಬೆಂಚಿನವರೆಗೂ ಹರಿಯಿತು. ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ವಜಾ ಗಿಜಾ ಇಲ್ಲ. ಬಾಕಿ ಬಾಕೀನೇ" ಅಂದರು ಮೇಷ್ಟ್ರು, ಮತ್ತು ಅವನನ್ನೇ ಬೋರ್ಡಿಗೆ ಕರೆದು ಹೊಸ ಪಾಠ ಶುರು ಮಾಡಿದರು.

ಆ ಬಾಕಿ ವರ್ಷದ ಕೊನೆಯ ಗಂಟೆಯವರೆಗೂ ಹಾಗೇ ಉಳಿಯಿತು. ಯಾರೂ ನಕಲು ಹೊಡೆಯಲಿಲ್ಲವೋ, ಹೊಡೆದದ್ದು ಮೇಷ್ಟ್ರ ಕಣ್ಣಿಗೆ ಬೀಳಲಿಲ್ಲವೋ, ಕೆದಕಿ ಕೇಳಲು ಯಾರೂ ಹೋಗಲಿಲ್ಲ.